ಗಂಟಲು ಕಳೆದುಕೊಂಡ ಆಷಾಢ

"ಅಕ್ಕೋರ, ಈ ದೋಣಿ ಎಲ್ಲಿ ಬಿಡೂದ್ರಿ?"

ಕೇಳಿದವಳು ಮೂರನೆಯ ತರಗತಿಯ ಭಾಗ್ಯಶ್ರೀ. ಅಕ್ಕೋರು ಎಂದರೆ ಇಲ್ಲಿ ಟೀಚರು. ನಾನು ಕೆಲಸ ಸಿಕ್ಕಿ ವಿಜಯಪುರ ಜಿಲ್ಲೆಗೆ ಬಂದು ಆಗ ಒಂಬತ್ತು ದಿನ. ಜೂನ್ ಎಂದರೆ ಮಳೆ, ಮಳೆ ಎಂದರೆ ಕಾಗದದ ದೋಣಿ, ಬಣ್ಣದ ಛತ್ರಿ, ಹತ್ತಿಯ ಮೋಡ. ಹೀಗೆ ಯಾವ ಋತುವಿಗೆ ಮಕ್ಕಳ ಕೈಯಲ್ಲಿ ಏನು ಮಾಡಿಸಬೇಕೆಂಬ ಪಟ್ಟಿಯನ್ನು ನಂಜನಗೂಡಿನಿಂದಲೇ ಬರೆದುಕೊಂಡು ಬಂದಿದ್ದೆ. ಮಕ್ಕಳು ಹೇಳಿದ ಹಾಗೆ ಮಡಚಿದರು. ಇಪ್ಪತ್ತೆರಡು ದೋಣಿಗಳು ತಯಾರಾದವು. ಬಾಗಿಲಾಚೆ ಬಿಸಿಗಾಳಿ ಬೀಸುತ್ತಿತ್ತು. ಕಪ್ಪು ನೆಲದಲ್ಲಿ ಅಂಗೈ ತೂರುವಷ್ಟು ಬಿರುಕು. ನೀರಿದ್ದದ್ದು ಬಿಸಿಯೂಟದ ಡ್ರಮ್ಮಿನಲ್ಲಿ ಮಾತ್ರ.

ಕೊನೆಗೆ ಆ ಹುಡುಗಿಯೇ ದಾರಿ ಹುಡುಕಿದಳು. ದೋಣಿಯನ್ನು ಬೋರಲು ಮಾಡಿ ತಲೆಯ ಮೇಲೆ ಇಟ್ಟುಕೊಂಡಳು. "ಟೊಪಗಿ ಆತು ನೋಡ್ರಿ!" ಐದು ನಿಮಿಷದಲ್ಲಿ ಇಪ್ಪತ್ತೆರಡು ಮಕ್ಕಳೂ ಟೋಪಿ ಹಾಕಿಕೊಂಡು ಬಿಸಿಲಿಗೆ ಓಡಿದರು. ನಾನೊಬ್ಬಳೇ ಒಳಗೆ ಉಳಿದೆ. ಕೈಯಲ್ಲಿ ನನ್ನ ಪಟ್ಟಿ.

ಶಾಲೆ ಇರುವುದು ಬಿಜ್ಜರಗಿಯ ಆಚೆ, ಒಂದು ತೋಟದ ವಸ್ತಿಯಲ್ಲಿ. ವಸ್ತಿ ಎಂದರೆ ಹೊಲದಲ್ಲೇ ಮನೆ ಮಾಡಿಕೊಂಡ ಹತ್ತಿಪ್ಪತ್ತು ಕುಟುಂಬಗಳ ಗುಂಪು. ಸುತ್ತ ದ್ರಾಕ್ಷಿ ತೋಟಗಳು, ಇಲ್ಲಿನವರು ಪಡ ಎನ್ನುತ್ತಾರೆ, ಹಣ್ಣು ಒಣಗಿಸುವ ಉದ್ದನೆಯ ಶೆಡ್ಡುಗಳು, ಆಡು ಕುರಿ. ನಮ್ಮ ಕಡೆ ಮಕ್ಕಳು ಟೀಚರಿಗೆ ಹೂವು ತಂದುಕೊಟ್ಟರೆ ಇಲ್ಲಿ ಚಡ್ಡಿಯ ಜೇಬಿನಿಂದ ಒಂದು ಹಿಡಿ ಒಣದ್ರಾಕ್ಷಿ ತೆಗೆದುಕೊಡುತ್ತಾರೆ. ಹತ್ತಿರದಲ್ಲಿ ಬಾಡಿಗೆ ಮನೆ ಸಿಗದೆ ನಾನು ವಿಜಯಪುರ ನಗರದಲ್ಲಿ, ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ, ಮಹಡಿಯ ಮೇಲೊಂದು ಕೋಣೆ ಹಿಡಿದೆ. ಬೆಳಿಗ್ಗೆ ತಿಕೋಟಾ ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು, ಆಮೇಲೆ ನಡಿಗೆ. ಸಂಜೆ ಅದೇ ದಾರಿ ತಿರುಗಿ.

ಮನೆಯ ಯಜಮಾನಿ ಶಮೀಮ್ ಆಪಾ. ಆಪಾ ಎಂದರೆ ಅಕ್ಕ. ಅವರು ಉರ್ದು ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು. ಮೊದಲ ದಿನವೇ ಕೀಲಿಕೈ ಕೊಡುತ್ತ, "ಉಂಡು ಬಂದೀ ಏನು?" ಎಂದರು. ಇಲ್ಲ ಎನ್ನುವ ಮೊದಲೇ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಬಂತು. ನಮ್ಮಲ್ಲಿ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಉಣ್ಣುವಾಗ ಸದ್ದೇ ಇರುವುದಿಲ್ಲ. ಇಲ್ಲಿ ಮುರಿದ ತುತ್ತೆಲ್ಲ ಸದ್ದು ಮಾಡುತ್ತದೆ. ಆ ರೊಟ್ಟಿ ನನ್ನ ಅಂಗುಳನ್ನು ಗೀರಿತು. ಕಣ್ಣಲ್ಲಿ ನೀರು ಬಂದದ್ದು ಹಿಂಡಿಯ ಖಾರಕ್ಕೆ ಎಂದು ಆಪಾ ತಿಳಿದರು. ನಾನೂ ಹಾಗೇ ಇರಲಿ ಎಂದುಕೊಂಡೆ.

ಕನ್ನಡದಿಂದ ಕನ್ನಡಕ್ಕೆ ಬಂದವಳಿಗೆ ಭಾಷೆಯ ತೊಂದರೆ ಏನು ಎಂದು ನೀವು ಕೇಳಬಹುದು. ಎರಡನೆಯ ವಾರ ಒಂದು ಪುಟ್ಟ ಹುಡುಗಿ ಎದ್ದು ನಿಂತು, "ಅಕ್ಕೋರ, ಕಾಲ್ಮಡಿಯಾಕ ಹೋಗ್ಲೇನ್ರಿ?" ಎಂದಳು. ಕಾಲು ನೋಯುತ್ತಿರಬೇಕು ಎಂದುಕೊಂಡು, "ಎಲ್ಲಿಗೂ ಹೋಗೋದು ಬೇಡ ಕಂದ, ಇಲ್ಲೇ ಕಾಲು ಮಡ್ಚ್ಕೊಂಡು ಕೂತ್ಕೊ" ಎಂದೆ. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಆ ಮಗು ಮೂತ್ರಕ್ಕೆ ಹೋಗಲು ಕೇಳಿತ್ತು. ಅಂದಿನಿಂದ ಒಂದು ನೋಟ್‌ಬುಕ್ಕಿನಲ್ಲಿ ಪದಗಳನ್ನು ಬರೆದುಕೊಳ್ಳತೊಡಗಿದೆ. ಅರಬಿ ಎಂದರೆ ಬಟ್ಟೆ. ರಾಡಿ ಎಂದರೆ ಕೆಸರು. ಒದರುವುದು ಎಂದರೆ ಕೂಗುವುದು.

ಆ ಕೊನೆಯ ಪದ ನನಗೆ ಬೇಗನೆ ಬೇಕಾಯಿತು. ಒಂದು, ಎರಡು, ಮೂರನೆಯ ತರಗತಿಗಳು ಮೂರೂ ಒಂದೇ ಕೋಣೆಯಲ್ಲಿ, ಮೇಲೆ ತಗಡು. ಒಂದು ಮೂಲೆಗೆ ಅಕ್ಷರ ಹೇಳಿಕೊಟ್ಟರೆ ಇನ್ನೊಂದು ಮೂಲೆಯಲ್ಲಿ ಜಗಳ. ನಾನು ದನಿ ಏರಿಸಿದೆ. ಮಕ್ಕಳ ದನಿಯೂ ಏರಿತು. ನಾನು ಇನ್ನೂ ಏರಿಸಿದೆ. ಊಟದ ಹೊತ್ತಿನಲ್ಲಿ ಉಣ್ಣುವ ಬದಲು ಪುಸ್ತಕ ತಿದ್ದುತ್ತಿದ್ದೆ. ಸಂಜೆ ಕೋಣೆಗೆ ಬಂದರೆ ಕತ್ತರಿ, ಗೋಂದು, ಬಣ್ಣದ ಕಾಗದ. ಒಂಟಿತನಕ್ಕೆ ಅದೊಂದು ಮದ್ದು ಎಂದು ತಿಳಿದಿದ್ದೆ. ಸುಮ್ಮನೆ ಕೂತರೆ ನಂಜನಗೂಡಿನಲ್ಲಿರುವ ಅಕ್ಕ ಗೌರಿಯ ಮನೆಯ ಜಗಲಿ ಕಣ್ಣಮುಂದೆ ಬರುತ್ತಿತ್ತು. ಕತ್ತರಿ ಓಡುತ್ತಿದ್ದರೆ ಬರುತ್ತಿರಲಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆಂದು ಥರ್ಮಾಕೋಲಿನಲ್ಲಿ ಎರಡು ಎತ್ತು ಕೊರೆದು, ಕೊಂಬಿಗೆ ಮಿಂಚಿನ ಕಾಗದ ಸುತ್ತಿ, ತರಗತಿಯ ಗೋಡೆಗೆ ಅಂಟಿಸಿದೆ. ಫೋಟೊ ತೆಗೆದು ಶಿಕ್ಷಕರ ಗುಂಪಿಗೆ ಕಳಿಸಿದೆ. ಎಷ್ಟೊಂದು ಮೆಚ್ಚುಗೆಯ ಗುರುತುಗಳು ಬಂದವು.

ಫೋಟೊ ನೋಡಿದ ಆಪಾ ಮೆಚ್ಚಲಿಲ್ಲ. "ಛಲೋ ಐತಿ. ಖರೇ ಇದರಾಗ ಹುಡುಗರು ಮಾಡಿದ್ದು ಯಾವ್ದು ಬೇಟಾ?"

"ಅವ್ರು ನೋಡ್ತಾರಲ್ಲ ಆಪಾ, ಖುಷಿಯಾಗ್ತಾರೆ."

"ನೋಡ್ತಾರ. ನೀ ಮಾಡ್ತಿ. ನಿನ್ನ ದನಿ ಕೇಳೀಯೇನು? ಕುಕ್ಕರ್ ಸೀಟಿ ಕೆಟ್ಟಂಗ ಆಗೇತಿ."

ನನಗೆ ಸಿಟ್ಟು ಬಂತು. ಮೇಲೆ ಹೋಗಿ ಮತ್ತೆ ಕತ್ತರಿ ಹಿಡಿದೆ.

ಆಷಾಢ ಶುರುವಾದ ಮೇಲೆ, ಒಂದು ಶುಕ್ರವಾರ, "ಸಾಲಾಗಿ ನಿಲ್ಲಿ" ಎನ್ನಲು ಬಾಯಿ ತೆರೆದೆ. 'ಸಾ' ಬಂತು, ಉಳಿದದ್ದು ಬರಲಿಲ್ಲ. ಮತ್ತೆ ಪ್ರಯತ್ನಿಸಿದೆ. ಗಾಳಿ ಮಾತ್ರ ಬಂತು. ಗಂಟಲಲ್ಲಿ ಯಾರೋ ಹುಣಸೆಬೀಜ ಸಿಕ್ಕಿಸಿದ ಹಾಗೆ. ಮಕ್ಕಳು ಮೊದಲು ನಕ್ಕರು, ಆಮೇಲೆ ಹೆದರಿದರು. ಭಾಗ್ಯಶ್ರೀ ಓಡಿಹೋಗಿ ಮುಖ್ಯಗುರುಗಳಾದ ಬಿರಾದಾರ ಸರ್ ಅವರನ್ನು ಕರೆತಂದಳು.

ಮರುದಿನ ನಗರದ ಡಾಕ್ಟರು ಗಂಟಲೊಳಗೆ ಕನ್ನಡಿ ಹಾಕಿ ನೋಡಿದರು. "ಏನ್ ಕೆಲಸ ಮಾಡ್ತೀರಿ? ಟೀಚರ್ ಅದೀರೇನು?" ಎಂದು ಅವರೇ ಕೇಳಿ ಅವರೇ ತಲೆಯಾಡಿಸಿದರು. ದನಿಯ ತಂತುಗಳ ಮೇಲೆ ಸಣ್ಣ ಗಂಟುಗಳು. "ಹದಿನೈದು ದಿವಸ ಒಂದ್ ಮಾತೂ ಆಡಂಗಿಲ್ರಿ. ಪಿಸುಮಾತಂತೂ ಬ್ಯಾಡೇ ಬ್ಯಾಡ. ಹಂಗ ಒದರಕೋಂತ ಹೋದ್ರಿ ಅಂದ್ರ ಆಪರೇಷನ್ ಮಾಡಬೇಕಾಗ್ತದ. ಆಮ್ಯಾಲ ದನಿ ಮೊದಲಿನಂಗ ಬರ್ತದಂತ ನಾ ಹೇಳಂಗಿಲ್ಲ."

ಚೀಟಿಯಲ್ಲಿ ಬರೆದು ಕೇಳಿದೆ: ಕೆಲಸ?

"ಕೆಲಸ ಇರ್ತದ್ರಿ. ದನಿ ಇರಬೇಕಲ್ಲ?"

ಅಂದು ನನಗಾದದ್ದು ದುಃಖಕ್ಕಿಂತ ಹೆಚ್ಚಾಗಿ ಒಂದು ನಾಚಿಕೆಗೆಟ್ಟ ಸಮಾಧಾನ. ಊರಿಗೆ ಹೋಗಲು ಕಾರಣ ಸಿಕ್ಕಿತ್ತು. ಬಂದ ದಿನದಿಂದ ಮೈಸೂರಿನ ರೈಲಿನ ವೇಳೆಯನ್ನು ಬಾಯಿಪಾಠ ಮಾಡಿಕೊಂಡು ಕೂತವಳು ನಾನು. ಬಿರಾದಾರ ಸರ್ ರಜೆಗೆ ಒಪ್ಪಿದರು. ಅಕ್ಕನಿಗೆ ಸಂದೇಶ ಕಳಿಸಿದೆ. ಮಂಗಳವಾರ ಸಂಜೆಯ ರೈಲಿಗೆ ಟಿಕೆಟ್ ಆಯಿತು. ಅಕ್ಕ ನನಗಾಗಿ ಕೋಣೆ ಸಾರಿಸಿ, ಹಾಸಿಗೆ ಬಿಸಿಲಿಗೆ ಹಾಕಿದ ಫೋಟೊ ಕಳಿಸಿದಳು.

ಮಂಗಳವಾರ ಬೆಳಿಗ್ಗೆ ಬೀರುವಿನ ಕೀಲಿಯನ್ನೂ ಹಾಜರಿ ಪುಸ್ತಕವನ್ನೂ ಒಪ್ಪಿಸಲು ಶಾಲೆಗೆ ಹೋದೆ. ಹನ್ನೆರಡರ ಬಸ್ಸಿಗೆ ಮರಳುವ ಲೆಕ್ಕ. ತರಗತಿಯ ಬಾಗಿಲಲ್ಲಿ ಬಕೆಟ್ಟಿನ ತುಂಬ ಎರೆಮಣ್ಣು ಕಲಸಿಟ್ಟಿತ್ತು. ನಮ್ಮಲ್ಲಿ ಆಷಾಢದ ಶುಕ್ರವಾರಗಳು ಬೆಟ್ಟ ಹತ್ತುವ ದಿನಗಳು. ಇಲ್ಲಿ ಆಷಾಢದ ಮಂಗಳವಾರಗಳು ಗುಳ್ಳವ್ವನ ದಿನಗಳು. ಹುಡುಗಿಯರು ಕಪ್ಪು ಮಣ್ಣಿನಲ್ಲಿ ಗುಳ್ಳವ್ವ ಎಂಬ ಪುಟ್ಟ ದೇವಿಯನ್ನು ಮಾಡಿ, ಗುಲಗಂಜಿ, ಕುಸುಬೆ ಕಾಳು ಒತ್ತಿ ಸಿಂಗರಿಸಿ, ಹಾಡುತ್ತ ಮನೆಮನೆಗೆ ಹೋಗುತ್ತಾರೆ. ಇದು ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ.

ಬಿರಾದಾರ ಸರ್ ದೊಡ್ಡ ತರಗತಿಯಲ್ಲಿದ್ದರು. ಅವರು ಬರಲಿ ಎಂದು ನಾನು ನೆಲದ ಮೇಲೆ ಕೂತೆ. ಭಾಗ್ಯಶ್ರೀ ಬಂದು ಒಂದು ಮಣ್ಣಿನ ಉಂಡೆಯನ್ನು ನನ್ನ ಅಂಗೈಗೆ ಹಾಕಿದಳು.

"ಮಾತಾಡಬ್ಯಾಡ್ರಿ ಅಕ್ಕೋರ. ಕೈ ಅದಾವಲ್ಲ, ಮಾಡ್ರಿ."

ಮಾಡಿದೆ. ಕುತ್ತಿಗೆ ಮುರಿದು ಬಿತ್ತು. ಮತ್ತೆ ಮಾಡಿದೆ. ಮತ್ತೆ ಬಿತ್ತು. "ನೀರ ಭಾಳ ಹಚ್ಚಾಕತ್ತೀರಿ," ಎಂದು ಆಕೆ ನನ್ನ ಕೈಯಿಂದ ಮಣ್ಣು ಕಿತ್ತುಕೊಂಡು, ಒಣಮಣ್ಣು ಸೇರಿಸಿ ನಾದಿ, ವಾಪಸ್ಸು ಕೊಟ್ಟಳು. "ಹಿಂಗ್ ಹಿಡೀರಿ. ಅವಸರ ಮಾಡಬ್ಯಾಡ್ರಿ, ಆಕಿಗೆ ತ್ರಾಸ ಆಗ್ತದ." ಗಂಡುಮಕ್ಕಳು ಇದು ನಮ್ಮದಲ್ಲ ಎಂದು ಮೂಗು ಮುರಿದರೂ ಸ್ವಲ್ಪ ಹೊತ್ತಿನಲ್ಲಿ ಎತ್ತು, ಟ್ರ್ಯಾಕ್ಟರು ಮಾಡುತ್ತ ಕೂತರು. ನಡುವೆ ಯಾವಾಗಲೋ ಗಮನಿಸಿದೆ: ಕೋಣೆ ತಣ್ಣಗಿತ್ತು. ಮಕ್ಕಳು ಮಾತಾಡುತ್ತಿದ್ದರು, ಆದರೆ ಪಕ್ಕದವರಿಗೆ ಕೇಳುವಷ್ಟೇ. ಅಕ್ಕೋರಿಗೆ ಆರಾಮಿಲ್ಲ ಎಂದು ಒಬ್ಬರಿಗೊಬ್ಬರು ಕಣ್ಣುಸನ್ನೆ ಮಾಡುತ್ತಿದ್ದರು. ಎರಡು ತಿಂಗಳು ನಾನು ಕೂಗಿ ಕೂಗಿ ತರಲಾಗದ ಶಾಂತಿ ಅದು. ನನ್ನ ಕೂಗಿನಿಂದಲೇ ಅದು ಬಾರದೆ ಇತ್ತೇ ಎಂಬ ಯೋಚನೆ ಬಂದು ಮುಖ ಬಿಸಿಯಾಯಿತು.

ಹನ್ನೆರಡರ ಬಸ್ಸು ದೂರದ ರಸ್ತೆಯಲ್ಲಿ ದೂಳೆಬ್ಬಿಸಿಕೊಂಡು ಹೋದದ್ದು ಕಿಟಕಿಯಿಂದ ಕಂಡಿತು. ಮೂರರ ಬಸ್ಸೂ ಹೋಯಿತು. ಉಳಿಯುವ ನಿರ್ಧಾರ ಮಾಡಿದೆ ಎಂದರೆ ಸುಳ್ಳಾಗುತ್ತದೆ. ಕೈ ತೊಳೆಯಲು ಏಳಲಿಲ್ಲ, ಅಷ್ಟೆ.

ಅಕ್ಕನಿಗೆ ಬರುವುದಿಲ್ಲ ಎಂದು ಬರೆದೆ. ಉತ್ತರ ಬಂತು: "ನಿನ್ನ ದಾರಿ ಕಾಯೋರು ಇಲ್ಲೂ ಇದಾರೆ ಅನ್ನೋದು ಮರ್ತೋಯ್ತಾ?" ಆಮೇಲೆ ಒಂದು ತಿಂಗಳು ಆಕೆ ಏನೂ ಬರೆಯಲಿಲ್ಲ. ಆ ಒಂದು ಸಾಲನ್ನು ನಾನು ಎಷ್ಟು ಸಲ ಓದಿದೆನೋ. ಆಕೆ ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ರಜೆ ಬಿಟ್ಟು, ಮಾತಿಲ್ಲದೆಯೇ ಶಾಲೆಗೆ ಹೋಗತೊಡಗಿದೆ. ಹದಿನೈದರಲ್ಲಿ ಉಳಿದ ದಿನಗಳನ್ನು ಆಪಾ ತಮ್ಮ ಕೈಗೆ ತೆಗೆದುಕೊಂಡರು. ನನ್ನ ಕತ್ತರಿ, ಗೋಂದು, ಬಣ್ಣದ ಕಾಗದಗಳನ್ನು ಒಂದು ಟ್ರಂಕಿಗೆ ಹಾಕಿ ಕೀಲಿ ಜಡಿದರು. "ಬಸ್ಸಿನಿಂದ ಇಳದ ಮ್ಯಾಲ ಸಾಲಿ ಇಲ್ಲ. ನಾನೂ ಹಿಂಗ ಮಾಡ್ದಾಕಿನ. ರಿಟೈರ್ ಆದ ದಿನ ಮನಿಗ ಬಂದು ನೋಡಿದ್ರ ನನಗ ಸಾಲಿ ಬಿಟ್ಟು ಮತ್ತೇನೂ ಬರ್ತಿದ್ದಿಲ್ಲ. ಒಂದ್ ಸಾರು ಮಾಡಾಕೂ ಬರ್ತಿದ್ದಿಲ್ಲ," ಎಂದರು. ಹಬೆ ತೆಗೆದುಕೊಳ್ಳುವುದು, ನೀರಿನ ಬಾಟಲಿ, ಊಟದ ಹೊತ್ತಿಗೆ ಕೂತು ಉಣ್ಣುವುದು, ಎಲ್ಲಕ್ಕೂ ಅವರ ಪಹರೆ. ಬೆಳಗಿನ ಜಾವ ಗುಮ್ಮಟದ ತೋಟಕ್ಕೆ ನಡೆಯಲು ಎಳೆದೊಯ್ಯುತ್ತಿದ್ದರು. ಒಳಗೆ ಪ್ರವಾಸಿಗರು ಪ್ರತಿಧ್ವನಿ ಕೇಳಲು ಗಂಟಲು ಹರಿಯುವಂತೆ ಕೂಗುತ್ತಿದ್ದರೆ ನನಗೆ ಅವರ ಗಂಟಲಿನದೇ ಚಿಂತೆ.

ಆದರೂ ನೆಮ್ಮದಿಯಾಗಿದ್ದೆ ಎನ್ನಲಾರೆ. ಮಾತಿಲ್ಲದ ಸಂಜೆಗಳಲ್ಲಿ ಬೆರಳುಗಳು ಏನನ್ನಾದರೂ ಹುಡುಕುತ್ತಿದ್ದವು. ಮಂಚದಿಂದ ಕಿಟಕಿಗೆ, ಕಿಟಕಿಯಿಂದ ಮಂಚಕ್ಕೆ ನಡೆಯುತ್ತಿದ್ದೆ. ದನಿ ವಾಪಸ್ಸು ಬರದಿದ್ದರೆ ಏನು ಮಾಡುವುದು? ಬಂದರೂ ಹಳೆಯ ಹಾಗೆಯೇ ಒದರುವವಳಾದರೆ? ಆಪಾ ಕೆಳಗಿನಿಂದ ಹೆಜ್ಜೆ ಸದ್ದು ಕೇಳಿ, "ಕೂಡು ಬೇಟಾ, ಕೂಡು," ಎನ್ನುತ್ತಿದ್ದರು.

ಹದಿನಾರನೆಯ ದಿನ ಡಾಕ್ಟರು ಕನ್ನಡಿಯಲ್ಲಿ ನೋಡಿ, "ಗಂಟು ಕರಗಾಕತ್ತಾವ," ಎಂದರು. ಆಪರೇಷನ್ ತಪ್ಪಿತು. ದನಿ ಬಂತು, ಸ್ವಲ್ಪ ದಪ್ಪವಾಗಿ, ಬೇರೆ ಯಾರದೋ ಎನ್ನುವ ಹಾಗೆ. ಈಗ ತರಗತಿಯಲ್ಲಿ ಎರಡು ಚಪ್ಪಾಳೆಗೆ ತಿರುಗಿ ನೋಡುತ್ತಾರೆ, ಕೈ ಎತ್ತಿದರೆ ಸುಮ್ಮನಾಗುತ್ತಾರೆ. ಯಾವಾಗಲೂ ಅಲ್ಲ, ಕೆಲವು ದಿನ ಮರೆತು ಒದರಿಯೇ ಬಿಡುತ್ತೇನೆ.

ಋತುಗಳ ಹೊಸ ಪಟ್ಟಿಯನ್ನು ಮಕ್ಕಳೇ ಬರೆಸಿದರು. ಎಳ್ಳ ಅಮಾವಾಸ್ಯೆಗೆ ಜೋಳದ ದಂಟಿನ ಪುಟ್ಟ ಗುಡಿಸಲು. ಸಂಕ್ರಾಂತಿಗೆ ನಮ್ಮಲ್ಲಿ ಎಳ್ಳುಬೆಲ್ಲ ಬೀರಿದರೆ ಇಲ್ಲಿ ಸಕ್ಕರೆ ಪಾಕದಲ್ಲಿ ಉರುಳಿಸಿದ ಬಿಳಿ ಕುಸುರೆಳ್ಳು. ಅದನ್ನು ಹಾಕಿಕೊಡಲು ಹಳೆಯ ಪುಸ್ತಕದ ಹಾಳೆಯ ಪೊಟ್ಟಣ. ಬೇಸಿಗೆ ಶುರುವಾದಾಗ ಪಕ್ಷಿಗಳಿಗೆ ನೀರಿಡುವ ಮಣ್ಣಿನ ಬೋಗುಣಿ. ಎಲ್ಲವೂ ಸೊಟ್ಟ. ಫೋಟೊ ಕಳಿಸುವುದು ನಿಂತಿದೆ.

ಎರಡನೆಯ ವರ್ಷ ಬಬಲೇಶ್ವರದಲ್ಲಿ ಶಿಕ್ಷಕರ ತರಬೇತಿಯೊಂದರಲ್ಲಿ ಈ ಕೆಲಸಗಳ ಬಗ್ಗೆ ಮಾತಾಡಲು ಕರೆದರು. ಕರಕುಶಲದ ಬಗ್ಗೆ ಹತ್ತು ನಿಮಿಷ ಹೇಳಿ, ಉಳಿದದ್ದೆಲ್ಲ ಗಂಟಲಿನ ಬಗ್ಗೆ ಹೇಳಿದೆ. ಮುಗಿದ ಮೇಲೆ ಕಾಖಂಡಕಿಯಿಂದ ಬಂದಿದ್ದ ಹಿರಿಯ ಗುರುಗಳೊಬ್ಬರು ಹತ್ತಿರ ಬಂದು, "ನಂದೂ ದನಿ ಹೋಗಿ ನಾಕ ವರ್ಷ ಆತ್ರಿ ಅಕ್ಕೋರ. ವಯಸ್ಸಾಗೇತಿ ಅಂತ ಬಿಟ್ಟಿದ್ದೆ. ಯಾವ ಡಾಕ್ಟರ್ ಹಂತ್ಯಾಕ ಹೋಗಿದ್ರಿ?" ಎಂದರು. ಬರೆದುಕೊಟ್ಟೆ. ಬಸ್ಸಿನಲ್ಲಿ ಬರುವಾಗ ಖುಷಿಗೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಈಗ ನಾಲ್ಕನೆಯ ವರ್ಷ. ಅಕ್ಕನ ಜೊತೆ ಮಾತು ಮತ್ತೆ ಕೂಡಿದೆ. ದಸರಾಕ್ಕೆ ಹೋದಾಗ ಆಕೆಯ ಅಡುಗೆಮನೆಯಲ್ಲಿ ನಿಂತು, "ಹಾಲು ಉಕ್ಕಾಕತ್ತೇತಿ," ಎಂದು ನನ್ನ ಬಾಯಿಂದ ಬಂತು. "ಯಾವೂರ್ ಮಾತೇ ಇದು?" ಎಂದು ನಕ್ಕಳು, ಆಮೇಲೆ ಒಲೆಯ ಕಡೆ ತಿರುಗಿಕೊಂಡಳು. ಇಲ್ಲಿ ನನ್ನ ತರಗತಿಯ ಮಕ್ಕಳು, "ನಿಮ್ಮ ಮಾತು ಟೀವ್ಯಾಗ ಮಾತಾಡಿದಂಗ ಐತ್ರಿ," ಎನ್ನುವುದು ಇನ್ನೂ ನಿಂತಿಲ್ಲ. ಅಲ್ಲಿದ್ದಾಗ ಇಲ್ಲಿನ ಬಸ್ಸಿನ ವೇಳೆ, ಇಲ್ಲಿದ್ದಾಗ ಅಲ್ಲಿನ ರೈಲಿನ ವೇಳೆ ತಲೆಯಲ್ಲಿ ಓಡುತ್ತಿರುತ್ತದೆ.

ವರ್ಗಾವಣೆಗೆ ಅರ್ಜಿ ಕರೆದಾಗ ನಂಜನಗೂಡಿಗೆ ಹಾಕಿದೆ. ಹಾಕಿದ ದಿನ ನೆಮ್ಮದಿ, ಮರುದಿನದಿಂದ ಸಂಕಟ. ವಾಪಸ್ಸು ಪಡೆಯಲು ಅವಕಾಶವಿತ್ತು, ಪಡೆಯಲಿಲ್ಲ. ವರ್ಗವಾದವರ ಪಟ್ಟಿ ಇನ್ನೂ ಬಂದಿಲ್ಲ. ದಿನಕ್ಕೆ ಹತ್ತು ಸಲ ಫೋನ್ ತೆಗೆದು ನೋಡುತ್ತೇನೆ, ನನ್ನ ಹೆಸರು ಇರಲಿ ಎಂದೋ ಇಲ್ಲದಿರಲಿ ಎಂದೋ ನನಗೇ ತಿಳಿಯದು.

ನಿನ್ನೆ ಸಂಜೆ ಆಪಾ ನಮಾಜಿಗೆ ಏಳುವ ಮುಂಚೆ ಕೇಳಿದರು: "ಯಾವುದಕ್ಕ ದುವಾ ಬೇಡ್ಲಿ ಹೇಳು. ಹೋಗಾಕೋ, ಇರಾಕೋ?"

"ನಿಮಗೆ ತಿಳಿದದ್ದು ಬೇಡ್ಕೊಳ್ಳಿ ಆಪಾ."

"ನನಗ ತಿಳದದ್ದು ಬೇಡಿದ್ರ ನೀ ಇಲ್ಲೇ ಉಳೀತಿ. ಆಮ್ಯಾಲ ನಿಮ್ಮಕ್ಕ ನನ್ನ ಬೈತಾಳ."

ನಾನು ನಕ್ಕೆ. ಹಾಗೆ ಬೇಡಬೇಡಿ ಎಂದು ಮಾತ್ರ ಹೇಳಲಿಲ್ಲ.