ಹ್ಯಾಂಡ್ಲು ಎಳೆದ ದಿನ

ಮೊನ್ನೆ ನಮ್ಮನೆ ಫ್ರಿಜ್ಜಿನ ಸ್ಟೆಬಿಲೈಸರು ಕಾದು, ಧೂಳು ಸುಟ್ಟ ವಾಸನೆ ಅಡುಗೆಮನೆ ತುಂಬ ಹರಡ್ತು. "ಸ್ವಿಚ್ ಆರಿಸ್ರೀ" ಅಂತ ಹೆಂಡತಿ ಕೂಗ್ತಾನೇ ಇದ್ಲು. ನಾನು ಮೂಗೆಳ್ಕೊಂಡು ಅಲ್ಲೇ ನಿಂತಿದ್ದೆ. ನಮ್ಮ ಸ್ಕೂಲಿನ ಕಂಪ್ಯೂಟ್ರು ರೂಮಲ್ಲೂ ಥೇಟ್ ಇದೇ ವಾಸನೆ... ಅದರ ಹಿಂದೇನೇ ಆ ಟ್ರೈನಿಂಗ್ ಮೇಡಂ ನೆನಪಾದ್ರು.

ನಾನು ಹೊನ್ನವಳ್ಳಿ ಕಡೆ ಒಂದು ಹೈಸ್ಕೂಲಲ್ಲಿ ಡ್ರಿಲ್ ಮೇಷ್ಟ್ರಾಗಿದ್ದೆ. ತಮಾಷೆ ಮಾಡೋದ್ರಲ್ಲಿ ತಾಲ್ಲೂಕಿಗೇ ಒಬ್ಬ. ಇದನ್ನ ನಾನೇ ಹೇಳ್ಕೋಬೇಕಾಗಿಲ್ಲ, ಆದ್ರೂ ಹೇಳ್ತೀನಿ. ಬಿ.ಎಡ್. ಓದ್ತಾ, ಪಾಠ ಮಾಡಿ ಕಲಿಯೋಕೆ ಅಂತ ವರ್ಷಾವರ್ಷ ನಮ್ಮಲ್ಲಿಗೆ ಬರ್ತಿದ್ದೋರನ್ನೆಲ್ಲ ಮೊದಲ ದಿನವೇ ಯಾಮಾರಿಸ್ತಿದ್ದೆ. ಈ ಮೇಡಂಗೂ ಹೇಳ್ದೆ, "ಕಂಪ್ಯೂಟ್ರು ಆನ್ ಮಾಡೋಕ್ ಮುಂಚೆ ಒಂದು ತೆಂಗಿನಕಾಯಿ ಒಡೀಬೇಕು ಕಣಮ್ಮ, ಹೆಡ್ಮಾಸ್ಟ್ರ ಆರ್ಡ್ರು." ಪಾಪ, ಮಾರನೇ ದಿನ ಬ್ಯಾಗಲ್ಲಿ ಕಾಯಿ ಹಾಕ್ಕೊಂಡು ಬಂದಿದ್ರು. ಸ್ಟಾಫ್ ರೂಮು ನಕ್ಕಿದ್ದೇ ನಕ್ಕಿದ್ದು. ವಾರ ಬಿಟ್ಟು, "ಸಾರ್, ಮೌಸಿಗೆ ತೇವ ಹಿಡಿದಿದೆ, ಸ್ವಲ್ಪ ಬಿಸ್ಲಲ್ಲಿ ಒಣಗಿಸ್ಕೊಡ್ತೀರಾ?" ಅಂದ್ರು. ಮಧ್ಯಾಹ್ನವೆಲ್ಲ ಫೀಲ್ಡಲ್ಲಿ ಅದನ್ನ ಕಾಯ್ತಾ, ಕಾಗೆ ಓಡಿಸ್ತಾ ನಿಂತಿದ್ದೆ! ನನ್ನನ್ನ ಯಾಮಾರಿಸಿದ್ದು ಅವರೊಬ್ರೇ.

ಸರ್ಕಾರಿ ಸ್ಕೂಲಿಗೆ ಕಂಪ್ಯೂಟ್ರು ಆಗತಾನೇ ಬಂದಿದ್ದ ಕಾಲ. ನಮ್ಮಲ್ಲಿ ಅವು ಹೊದಿಕೆ ಹೊದ್ಕೊಂಡು ಬೀಗದೊಳಗೆ ಮಲಗಿದ್ವು. ಆಯುಧಪೂಜೆ ದಿನ ಮಾತ್ರ ಕುಂಕುಮ ಇಡಿಸ್ಕೊಳ್ಳೋವು. ಮೇಡಂ ಹೆಡ್ಮಾಸ್ಟ್ರನ್ನ ಕಾಡಿ ಬೇಡಿ ಬೀಗದಕೈ ಇಸ್ಕೊಂಡ್ರು. ಸಂಜೆ ಹೊತ್ತು ತಿಪಟೂರಿನ ಕಂಪ್ಯೂಟ್ರು ಸೆಂಟ್ರಲ್ಲಿ ಕೂತು, ಹೃದಯ ಬಡ್ಕೊಳ್ಳೋದು, ರಕ್ತ ಓಡೋದು ಎಲ್ಲಾ ಪರದೆ ಮೇಲೆ ಕಾಣೋ ಹಂಗೆ ಒಂದು ಪಾಠ ತಯಾರು ಮಾಡಿದ್ರು. ಕೊನೇ ಪರೀಕ್ಷೆ ಪಾಠಕ್ಕೆ ಅದೇ ಅಂತ ಹಟ.

"ಯಾವುದಕ್ಕೂ ಒಂದು ಚಾರ್ಟ್ ಬರ್ಕೊಂಡಿರಿ ಮೇಡಂ" ಅಂದೆ.

"ಚಾರ್ಟ್ ಇದ್ರೆ ಚಾರ್ಟೇ ಸಾಕು ಅಂತಾರೆ ಸಾರ್. ಹೊಸದು ಮಾಡಿದ್ರೇನೇ ಮಾರ್ಕ್ಸು." ಆಮೇಲೆ ಮೆಲ್ಲಗೆ, "ಆ ಮಾರ್ಕ್ಸ್ ಮೇಲೇ ಕೆಲ್ಸ. ಈ ಸಲ ಆಗ್ಲಿಲ್ಲಾಂದ್ರೆ ಮದ್ವೆ ಮಾಡಿ ಕಳಿಸ್ತೀನಿ ಅಂತ ಅಣ್ಣ ಹೇಳ್ಬುಟ್ಟಿದಾನೆ" ಅಂದ್ರು.

ತೊಂದರೆ ಇದ್ದದ್ದು ಕರೆಂಟಲ್ಲಿ. ನಮ್ಮೂರಿಗೆ ಬೆಳಗ್ಗೆ ಹತ್ತಕ್ಕೆ ಬರೋದು. ಬಂದ ತಕ್ಷಣ ಸುತ್ತಲ ತೋಟಗಳ ಬೋರ್‌ವೆಲ್ ಮೋಟ್ರೆಲ್ಲ ತಾವಾಗೇ ಓಡೋಕೆ ಶುರು. ಎಲ್ಲಾ ಕಡೆ ಆಟೋ ಸ್ಟಾರ್ಟ್ರು. ವೋಲ್ಟೇಜು ಪಾತಾಳಕ್ಕಿಳಿದು ಕಂಪ್ಯೂಟ್ರು ಕಣ್ಮುಚ್ಚೋದು. "ನಾನಿಲ್ವಾ, ಬುಡಿ ಮೇಡಂ" ಅಂತ ಎದೆ ತಟ್ಕೊಂಡೆ. ಹಿಂದಿನ ಸಂಜೆ ತೋಟ ತೋಟ ಸುತ್ತಿ, ನಾಳೆ ಒಂದು ಗಂಟೆ ಮೋಟ್ರು ಆಫ್ ಮಾಡ್ಕೊಳ್ರಪ್ಪ ಅಂತ ಕೈ ಮುಗಿದೆ. ಇದೂ ನಿನ್ನ ತಮಾಷೇನಾ ಅಂತ ಕೇಳಿದ್ರೂ ಎಲ್ರೂ ಒಪ್ಕೊಂಡ್ರು. ಟ್ರಾನ್ಸ್‌ಫಾರ್ಮರ್ ಪಕ್ಕದ ತೋಟದ ನನ್ನ ಚಡ್ಡಿ ದೋಸ್ತ್ ಅಂತೂ, "ಹೋಗ್ ಮಲಕ್ಕೋ ಹೋಗ್ಲಾ, ನಾನ್ ನೋಡ್ಕೋತೀನಿ" ಅಂದ.

ಹತ್ತಾಯ್ತು. ಕರೆಂಟು ಬರ್ಲಿಲ್ಲ. ಪರೀಕ್ಷಕರು ಹಿಂದಿನ ಬೆಂಚಲ್ಲಿ ಕೂತಿದ್ರು. ಮಕ್ಕಳು ಕಪ್ಪು ಪರದೆ ನೋಡ್ತಾ ಕೂತಿದ್ವು. ಮೇಡಂ ಕಿಟಕಿಯಿಂದ ನನ್ನ ಕಡೆ ನೋಡಿದ್ರು. ಇನ್ನೇನ್ ಬತ್ತದೆ ಅಂತ ಕೈಸನ್ನೆ ಮಾಡ್ದೆ... ಎಷ್ಟು ಸಲ ಮಾಡಿದ್ನೋ.

"ಶುರು ಮಾಡಮ್ಮ, ಕರೆಂಟಿಗೆಲ್ಲ ಮಾರ್ಕ್ಸ್ ಕೊಡೋಕಾಗಲ್ಲ" ಅಂದ್ರು ಪರೀಕ್ಷಕರು.

ಮೇಡಂ ಸೀಮೆಸುಣ್ಣ ತಗೊಂಡು ಬೋರ್ಡ್ ಮೇಲೆ ಹೃದಯ ಬರೆಯೋಕೆ ಹೋದ್ರು. ಅದು ಸೀಬೇಕಾಯಿ ಥರ ಆಯ್ತು. ಮಕ್ಕಳು ನಗ್ಲಿಲ್ಲ. ಹಂಗೇ ಪಾಠ ಮುಗೀತು. ಪರೀಕ್ಷಕರು ಏನೋ ಬರ್ಕೊಂಡು ಬಸ್ಸಿಗೆ ಹೋದ್ರು.

ಅವರು ಅತ್ಲಾಗ್ ಹೋಗಿದ್ದೇ, ಇತ್ಲಾಗಿಂದ ನಮ್ಮ ದೋಸ್ತ್ ಬೀಗ್ತಾ ಬಂದ. "ಹೆಂಗೈತೆ ನಮ್ ಕೆಲ್ಸ? ಯಾವೋನಾದ್ರೂ ಮಾತು ತಪ್ಪಿಬುಟ್ರೆ ಅಂತ ಟ್ರಾನ್ಸ್‌ಫಾರ್ಮರ್ ಹ್ಯಾಂಡ್ಲೇ ಎಳ್ದ್‌ಬುಟ್ಟೆ ಕಣ್ಲಾ! ಇಡೀ ಲೈನೇ ಬಂದ್, ಒಂದ್ ಮೋಟ್ರೂ ಉಸ್ರು ಬುಟ್ಟಿಲ್ಲ."

ನಮ್ಮ ಸ್ಕೂಲಿಗೂ ಅದೇ ಟ್ರಾನ್ಸ್‌ಫಾರ್ಮರು. ಕರೆಂಟು ಹತ್ತಕ್ಕೇ ಬಂದಿತ್ತು.

ವಿಷಯ ಗೊತ್ತಾದ ಮೇಲೆ ಅವನ ಮುಖ ನೋಡೋಕಾಗ್ಲಿಲ್ಲ. ಮೇಡಂ ಕೈಲಿದ್ದ ಸೀಮೆಸುಣ್ಣ ಕೆಳಗಿಟ್ರು. ಆಮೇಲೆ, "ಈಗ ಕರೆಂಟ್ ಹಾಕ್ತೀರಾಣ್ಣ?" ಅಂತ ಕೇಳಿದ್ರು. ಅವನು ಎದ್ದೂ ಬಿದ್ದೂ ಓಡ್ದ.

ಯಾವ ಮಾರ್ಕ್ಸೂ ಇಲ್ದೆ ಅದೇ ಪಾಠ ಮತ್ತೆ ಮಾಡಿದ್ರು. ತೋಟದೋರು ಇನ್ನೊಂದು ಗಂಟೆ ಮೋಟ್ರು ಹಾಕ್ಲಿಲ್ಲ. ಪರದೆ ಮೇಲೆ ಹೃದಯ ಬಡ್ಕೋತಿದ್ರೆ, ಮಕ್ಕಳು ತಮ್ಮ ತಮ್ಮ ಎದೆ ಮುಟ್ಟಿ ನೋಡ್ಕೋತಿದ್ವು. ಊಟದ ಬೆಲ್ಲು ಹೊಡೆದ್ರೂ ಒಬ್ಬರೂ ಏಳ್ಲಿಲ್ಲ.

ಮುಂದಿನ ವರ್ಷ ಕೆಲ್ಸದ ಪಟ್ಟಿ ಬಂದಾಗ, ಸ್ವಲ್ಪ ಮಾರ್ಕ್ಸಲ್ಲೇ ಅವರಿಗೆ ತಪ್ಪಿಹೋಯ್ತು. ತಮ್ಮ ಮದ್ವೆಗೆ ಕರೆಯೋಕೆ ಅಂತ ಸ್ಕೂಲಿಗೆ ಬಂದ್ರು. ಹೊರಡೋವಾಗ, "ಏನಾದ್ರೂ ತಮಾಷೆ ಮಾಡಿ ಸಾರ್" ಅಂದ್ರು. ತಾಲ್ಲೂಕಿಗೇ ಒಬ್ಬ ನಾನು... ಒಂದೂ ಹೊಳೀಲಿಲ್ಲ. ಅದೇ ಕೊನೇ ಸಲ ನೋಡಿದ್ದು. ಈಗ ಯಾವೂರಲ್ಲಿದಾರೋ, ಎಲ್ಲಾದ್ರೂ ಪಾಠ ಮಾಡ್ತಾರೋ ಇಲ್ವೋ.

ಈಗಲೂ ತಿಪಟೂರು ಬಸ್‌ಸ್ಟ್ಯಾಂಡಲ್ಲಿ ಹಳೇ ಹುಡುಗ್ರು ಸಿಕ್ಕಿದ್ರೆ, "ಮೇಷ್ಟ್ರೇ, ಆ ಹ್ಯಾಂಡ್ಲು ಕತೆ ಹೇಳಿ" ಅಂತಾರೆ. ದೋಸ್ತ್ ಬೀಗ್ತಾ ಬಂದಿದ್ದನ್ನ ನಡೆದು ತೋರಿಸ್ತೀನಿ. ಬಿದ್ದೂ ಬಿದ್ದೂ ನಗ್ತಾರೆ. ಅಲ್ಲಿಗೇ ನಿಲ್ಲಿಸ್ತೀನಿ.

ಹೋದ ವಾರ ಒಬ್ಬ, "ಆಮೇಲೆ ಮೇಡಂ ಏನಾದ್ರು ಮೇಷ್ಟ್ರೇ?" ಅಂತ ಕೇಳ್ದ.

"ನಮ್ ಬಸ್ ಬಂತು ಕಣಪ್ಪ" ಅಂತ ಎದ್ದೆ. ಬಸ್ಸು ಬಂದಿರ್ಲಿಲ್ಲ.