ಅತ್ತೆಯವರ ಹಂಡೆಗೆ ನಲ್ಲಿ

ಮನೆಯೊಂದರಲ್ಲಿ ತೂತುಗಳಿಗೆ ಎಷ್ಟೊಂದು ಅವಕಾಶವಿದೆ ಎಂಬುದು ಕೈಗೆ ಡ್ರಿಲ್ಲು ಬರುವ ತನಕ ಯಾರಿಗೂ ಹೊಳೆಯುವುದಿಲ್ಲ. ನಮ್ಮ ಚಾಮರಾಜನಗರ ಇನ್ನೂ ಮೈಸೂರು ಜಿಲ್ಲೆಯೊಳಗೇ ಇದ್ದ ಕಾಲದಲ್ಲಿ, ಕಾಲೇಜಿನಲ್ಲಿ ಪಾಠ ಹೇಳಿಕೊಂಡು ಸಭ್ಯನೆನಿಸಿಕೊಂಡಿದ್ದ ನಾನು ಒಂದು ಡ್ರಿಲ್ಲನ್ನೂ ಅದರ ಮೂತಿಗೆ ಸಿಕ್ಕಿಸುವ ಹೋಲ್ ಸಾ ಎಂಬ ಗರಗಸವನ್ನೂ ಕೊಂಡು ತಂದೆ. ಅಂಚಿಗೆಲ್ಲ ಹಲ್ಲಿರುವ ಪುಟ್ಟ ಬಟ್ಟಲಿನಂಥ ಈ ಸಾಧನ ಗಿರ್ರನೆ ತಿರುಗಿ, ದುಂಡನೆಯ ಬಿಲ್ಲೆಯೊಂದನ್ನು ಕತ್ತರಿಸಿ ತನ್ನ ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತದೆ. ತಂದ ದಿನವೇ ಬಂದವರನ್ನು ನೋಡಲೆಂದು ಬಾಗಿಲಿಗೆ ಕಿಂಡಿ ಕೊರೆದೆ. ಅದರಿಂದ ನಾನು ಬಂದವರನ್ನು ನೋಡಿದ್ದಕ್ಕಿಂತ ಬಂದವರು ನನ್ನನ್ನು ನೋಡಿದ್ದೇ ಹೆಚ್ಚು.

ಹಾಗೆಂದು ಇದೆಲ್ಲ ನನ್ನ ಶೋಕಿಯೆಂದು ತಿಳಿಯಬೇಡಿ. ನನ್ನಾಕೆ ತುಂಬು ಬಸುರಿ. ಬಾಣಂತನಕ್ಕೆ ತಾಯಿ ಬಂದು ನಮ್ಮಲ್ಲೇ ಇರಬೇಕೆಂಬುದು ಅವಳ ಒಂದೇ ಹಟ. ಗುಂಡ್ಲುಪೇಟೆ ಕಡೆಯ ಹಂಗಳದಲ್ಲಿ ತಮ್ಮನ ತುಂಬು ಸಂಸಾರದೊಂದಿಗಿದ್ದ ನಮ್ಮ ಅತ್ತೆ ಗೌರಮ್ಮನವರಿಗೆ ಬರುವ ಆಸೆಯೇನೋ ಇತ್ತು, ಅಡ್ಡಿಯಾದದ್ದು ನೀರು. ಪಾತ್ರೆಗೆ ಯಾರು ತುಂಬಿಟ್ಟರೂ ಚಿಂತೆಯಿಲ್ಲ, ಲಿಂಗಪೂಜೆಯ ಚೊಂಬಿಗೆ ಮಾತ್ರ ತಮ್ಮ ಕೈಯಾರೆ ಹಿಡಿದದ್ದೇ ಆಗಬೇಕು. ನಮ್ಮ ಎದೆಯೆತ್ತರದ ಡ್ರಮ್ಮಿನೊಳಕ್ಕೆ ಬಗ್ಗಲು ಅವರಿಗೆ ಸೊಂಟ ಕೊಡದು, ಯಾರನ್ನಾದರೂ ಕರೆಯಲು ಸ್ವಾಭಿಮಾನ ಬಿಡದು. ಬಂದಾಗಲೆಲ್ಲ ಬೆಳಗಾಗೆದ್ದು ಚೊಂಬು ಹಿಡಿದು ಸುಮ್ಮನೆ ನಿಲ್ಲುತ್ತಿದ್ದರು. ಎರಡು ದಿನ ನೋಡಿ ಗುಂಡ್ಲುಪೇಟೆ ಬಸ್ಸು ಹತ್ತಿಬಿಡುತ್ತಿದ್ದರು. ನನ್ನಾಕೆ ಅಡುಗೆಮನೆಯಲ್ಲಿ ಕೂತು ಅಳುತ್ತಿದ್ದಳು.

ಆದ್ದರಿಂದ ಡ್ರಮ್ಮಿನ ಬುಡಕ್ಕೊಂದು ನಲ್ಲಿ ಕೂಡಿಸಲು ನಿರ್ಧರಿಸಿದೆ. ಪ್ಲಾಸ್ಟಿಕ್ಕು ಬೆಣ್ಣೆಯ ಹಾಗೆ ಕೊಯ್ಸಿಕೊಂಡಿತು. ಹೆಮ್ಮೆಯಿಂದ ಅತ್ತೆಯವರನ್ನು ಕರೆಸಿದರೆ, ಪ್ಲಾಸ್ಟಿಕ್ಕಿನ ನೀರು ಕಾಲು ತೊಳೆಯಲು ಬಹಳ ಚೆನ್ನಾಗಿದೆಯೆಂದು ಹೊಗಳಿ ಹೊರಟುಹೋದರು. ಸರಿ, ಹಿತ್ತಲಲ್ಲಿ ನೀರು ತುಂಬುವ ಕಲ್ಲುಬಾನಿಗೆ ಡ್ರಿಲ್ಲು ಹಿಡಿದೆ. ಕಲ್ಲಿಗೆ ದುಂಡನೆಯ ಗೀರು ಬಿತ್ತು, ಗರಗಸ ಹಲ್ಲುದುರಿಸಿಕೊಂಡು ಬೊಚ್ಚಾಯಿತು. ಆ ಗೀರಿನೊಳಗೆ ಕುಂಕುಮವಿಟ್ಟು ಪೂಜಿಸಿ ಎಂದು ನನ್ನಾಕೆ ಸಲಹೆ ಕೊಟ್ಟಳು.

ಈ ಪರಾಕ್ರಮದ ವರದಿ ಹಂಗಳ ಮುಟ್ಟಿರಬೇಕು. ಮುಂದಿನ ವಾರ ಅತ್ತೆಯವರು ತಮ್ಮ ಮದುವೆಯ ತಾಮ್ರದ ಹಂಡೆಯನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದಿಳಿದರು. ಅದನ್ನು ಹಿತ್ತಲಿನ ಕಟ್ಟೆಯ ಮೇಲೆ ಕೂಡಿಸಿ, ತಿರುಗಿಸಿ ತಿರುಗಿಸಿ ನೋಡಿ, ಮಸಿ ಹಿಡಿದ ಬುಡದ ಬಳಿ ವಿಭೂತಿಯಿಂದ ಒಂದು ಬೊಟ್ಟಿಟ್ಟು, ಇಲ್ಲೇ ಕೊರೆಯಬೇಕೆಂದು ಅಪ್ಪಣೆ ಮಾಡಿದರು. ಮರಕ್ಕೆ ತೋರಿದ ಉತ್ಸಾಹವನ್ನು ತಾಮ್ರಕ್ಕೆ ತೋರಿದರೆ ತಗಡು ಹರಿದುಹೋಗುತ್ತದೆ. ಹಂಡೆಯೂ ಹೋಗಿ, ಬಾಣಂತನವೂ ಹೋಗಿ, ಅಳಿಯನ ಮರ್ಯಾದೆಯ ಚೂರುಪಾರೂ ಹೋಗುತ್ತದೆ. ಹೊಸ ಗರಗಸಕ್ಕೆ ಎಣ್ಣೆ ಬಿಡುತ್ತ, ಬಿಟ್ಟು ಬಿಟ್ಟು ತಿರುಗಿಸುತ್ತ, ಜನ್ಮದಲ್ಲಿ ಮೊದಲ ಬಾರಿಗೆ ತಾಳ್ಮೆಯೆಂಬುದನ್ನು ಅಭ್ಯಾಸ ಮಾಡಿದೆ. ಕೊನೆಗೆ ಟಣ್ಣೆಂದು ಬಿಲ್ಲೆ ಕಳಚಿಕೊಂಡಿತು.

ಮಸಿಯೊರೆಸಿ ನೋಡಿದರೆ ಬಿಲ್ಲೆಯ ಮೇಲೆ ಚುಕ್ಕಿಚುಕ್ಕಿಯಾಗಿ ಅತ್ತೆಯವರ ಹೆಸರು, ಗರಗಸದ ನಡುಮೊಳೆ ಕೊರೆದ ತೂತಿಗೆ ಒಂದಕ್ಷರ ಕಳೆದುಕೊಂಡು! ತವರಿನವರು ಕೊಟ್ಟ ಪಾತ್ರೆಗೆ ಮಗಳ ಹೆಸರು ಕೊರೆಸುವುದು ನಮ್ಮ ಕಡೆಯ ವಾಡಿಕೆ. ಹಂಡೆಗೆ ಸುತ್ತಲೂ ಅಷ್ಟು ಜಾಗವಿರುವಾಗ ಇಲ್ಲೇಕೆ ಬೊಟ್ಟಿಟ್ಟಿರೆಂದು ತೊದಲಿದೆ.

ಅವರು ಬಿಲ್ಲೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. “ಗೊತ್ತಿದ್ದೇ ಇಟ್ಟಿದ್ದು ಬುಡಿ, ಅಳಿಯಂದ್ರೇ. ಹೆಸ್ರಿದ್ರೆ ಹಂಡೆ ನಂದಾಯ್ತದೆ. ಓಗೋವಾಗ ಎತ್ಕಂಡ್ ಓಗ್ಬೇಕಾಯ್ತದೆ.”

ನನ್ನಾಕೆ ಒಳಗೆ ಹೋಗಿ ಪೂಜೆಯ ಚೊಂಬನ್ನು ತಂದು ತಾಯಿಯ ಕೈಗಿಟ್ಟಳು.