ಹೆಣ್ಣೊಪ್ಪಿಸುವ ಹಾಡಿನ ನಾಲ್ಕನೆಯ ನುಡಿ

ಮದುವೆಗಳಲ್ಲಿ ಸ್ಯಾಕ್ಸೊಫೋನ್ ಊದಿ ಬದುಕಿದವನು ನಾನು. ಮನೆ ಬಸ್ರೂರಿನಲ್ಲಿ. ಲಗ್ನದ ತಿಂಗಳುಗಳಲ್ಲಿ ಮಾತ್ರ ಆ ಕಡೆ ಶಿರೂರಿನಿಂದ ಈ ಕಡೆ ಬ್ರಹ್ಮಾವರದವರೆಗೆ ಯಾವ ಹಾಲ್‌ನಲ್ಲಿ ಹುಡುಕಿದರೂ ಸಿಗುತ್ತೇನೆ. ಮೂವತ್ತು ವರ್ಷ ಊದಿದವನ ಬಳಿ ಬಂದು, ನಿಮಗೆ ಇಷ್ಟದ ಹಾಡು ಯಾವುದು ಎಂದು ಯಾರಾದರೂ ಕೇಳಿದರೆ ಎಲ್ಲಿಲ್ಲದ ಸಿಟ್ಟು ಬರುತ್ತದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎಂದು ಹೆಂಡತಿ ಹೇಳುತ್ತಿದ್ದಳು, ನಾನು ಒಪ್ಪುತ್ತಿರಲಿಲ್ಲ. ಈಗ ಹಾಗೆ ಹೇಳುವವರಿಲ್ಲ. ಆದ್ದರಿಂದ ನಾನೇ ಒಪ್ಪಿಕೊಂಡಿದ್ದೇನೆ.

ಇಷ್ಟದ ಹಾಡುಗಳು ಮೂರೇ. ಮೂರೂ ಅವಳವು.

ಮೊದಲನೆಯದು ಒಂದು ಭಜನೆ. ಶಿರೂರಿನಲ್ಲಿ ಕಡಲಿಗೆ ಹತ್ತಿರದ ಒಂದು ಭಜನಾ ಮಂದಿರಕ್ಕೆ ವಾರ್ಷಿಕೋತ್ಸವದ ದಿನ ಊದಲು ಹೋಗಿದ್ದೆ. ಹೆಂಗಸರ ಸಾಲಿನಲ್ಲಿ ಒಬ್ಬಳು, ಹಾಡಿನ ಸಾಲಿನ ಕೊನೆಗೆ ಬೇರೆಯವರೆಲ್ಲ ಉಸಿರು ತೆಗೆದುಕೊಳ್ಳುವಾಗ ತೆಗೆದುಕೊಳ್ಳದೆ ಆ ಸ್ವರವನ್ನು ಹಾಗೇ ಮುಂದಿನ ಸಾಲಿಗೆ ದಾಟಿಸುತ್ತಿದ್ದಳು. ಉಸಿರು ನನ್ನ ಕಸುಬು. ಬೇರೆ ಗಂಡಸರು ಹುಡುಗಿಯ ಕಣ್ಣು ನೋಡುತ್ತಾರೋ ಜಡೆ ನೋಡುತ್ತಾರೋ ಗೊತ್ತಿಲ್ಲ, ನಾನು ಅವಳು ಉಸಿರು ತೆಗೆದುಕೊಳ್ಳುವುದು ಯಾವಾಗ ಎಂದು ಕಾಯುತ್ತಾ ಕೂತಿದ್ದೆ. ಮುಂದಿನ ವರ್ಷ ಮದುವೆಯಾಯಿತು.

ಎರಡನೆಯದು ಮಗಳನ್ನು ಮಲಗಿಸಲು ಹಾಡುತ್ತಿದ್ದ ಜೋಗುಳ. ಅದರ ಧಾಟಿಯನ್ನು ನಾನು ಕದ್ದೆ. ಮದುವೆಗಳಲ್ಲಿ ಊಟದ ಪಂಕ್ತಿ ನಡೆಯುವಾಗ ಅದನ್ನೇ ಮೆಲ್ಲಗೆ ಊದುತ್ತಿದ್ದೆ. ಯಾವುದೋ ಹಳೆ ಸಿನಿಮಾದ್ದು ಎಂದು ಜನ ತಲೆದೂಗುತ್ತಿದ್ದರು. ಅವಳಿಗೆ ಮಾತ್ರ ನಗು.

"ಹ್ವಾಯ್, ಅದ್ ಮಕ್ಳನ್ನ ಒರ್ಗ್ಸು ಹಾಡಲ್ದಾ? ಉಂಬ್ಕೆ ಕೂತರೆಲ್ಲ ಬಾಳೆಲಿ ಮೇಲೇ ಒರ್ಗಿರೆ ಎಂತ ಮಾಡ್ತ್ರಿ?"

ಮೂರನೆಯದು ಹೆಣ್ಣೊಪ್ಪಿಸುವ ಹಾಡು. ಮದುವೆಯೆಲ್ಲ ಮುಗಿದು ಹುಡುಗಿಯನ್ನು ಗಂಡನ ಕಡೆಯವರ ಕೈಗೆ ಕೊಡುವಾಗ ತಾಯಿ ಹಾಡುವುದು. ಅವಳು ಅದನ್ನು ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಾ ಹಾಡಿಕೊಳ್ಳುತ್ತಿದ್ದಳು, ಅವಳ ತಾಯಿಯಿಂದ ಬಂದದ್ದು. ಮೊದಲ ನುಡಿ ಅತ್ತೆಗೆ: ನಮ್ಮ ಹುಡುಗಿ ಬೆಳಿಗ್ಗೆ ಏಳುವುದು ತಡ, ಬೈದರೂ ಮೆಲ್ಲಗೆ ಬೈಯಿರಿ. ಎರಡನೆಯದು ಮಾವನಿಗೆ: ಅವಳು ಎದುರುತ್ತರ ಕೊಟ್ಟರೆ ಅದು ಅಪ್ಪನಿಂದ ಬಂದ ಗುಣ, ಅವಳ ತಪ್ಪಲ್ಲ. ಮೂರನೆಯದು ಗಂಡಿಗೆ: ಅವಳು ಅಳುವುದು ಕಡಿಮೆ, ಅತ್ತ ದಿನ ಕೆಲಸ ಬಿಟ್ಟು ಹತ್ತಿರ ಕೂತುಕೋ. ಎರಡನೆಯ ನುಡಿಗೆ ಬಂದಾಗಲೆಲ್ಲ ಬಾಗಿಲಿನಿಂದ ಇಣುಕಿ ನನ್ನ ಮುಖ ನೋಡುತ್ತಿದ್ದಳು. ಮೂರು ನುಡಿ ಆದ ಮೇಲೆ ನಿಲ್ಲಿಸುತ್ತಿದ್ದಳು. ಹಾಡು ಅಷ್ಟೇ ಎಂದು ನಾನು ತಿಳಿದಿದ್ದೆ.

ವಾದ್ಯದವನಾಗಿ ನನಗೆ ಆ ಹಾಡು ಪೂರ್ತಿ ಗೊತ್ತಿರಬೇಕಿತ್ತು ಎಂದು ನೀವು ಹೇಳಬಹುದು. ಆದರೆ ನಮ್ಮ ಕಡೆ ಒಂದು ಕ್ರಮವಿದೆ. ಹೆಂಗಸರು ಹೆಣ್ಣೊಪ್ಪಿಸುವ ಹಾಡಿಗೆ ಬಾಯಿ ತೆರೆದರೆ ವಾದ್ಯ ನಿಲ್ಲಬೇಕು. ಸ್ಯಾಕ್ಸೊಫೋನ್ ಕೆಳಗೆ, ಡೋಲಿನ ಮೇಲೆ ಬಟ್ಟೆ. ಬೆಳಗ್ಗಿನಿಂದ ಊದಿ ಕೆನ್ನೆ ನೋಯುವ ನಮಗೆ ಅದು ಚಹಾದ ಹೊತ್ತು. ಮೂವತ್ತು ವರ್ಷ ನಾನು ಆ ಹಾಡಿನ ಹೊತ್ತಿಗೆ ಹಾಲ್‌ನ ಹಿಂಬದಿಯಲ್ಲಿ, ಅಡುಗೆಯವರ ಪಕ್ಕ ಲೋಟ ಹಿಡಿದು ನಿಂತಿದ್ದವನು. ಅಡುಗೆಮನೆಯಲ್ಲಿ ಕೇಳಿದ್ದು ಬಿಟ್ಟರೆ ಒಂದೇ ಒಂದು ಮದುವೆಯಲ್ಲೂ ಅದನ್ನು ಕೊನೆಯವರೆಗೆ ಕೇಳಿಲ್ಲ.

ಮಗಳ ಮದುವೆ ಕುಂದಾಪುರದಲ್ಲಿ ಆಯಿತು. ಗಂಡಿನವರು ಬ್ರಹ್ಮಾವರದವರು, ಒಳ್ಳೆಯ ಜನ. ಆ ದಿನ ನಾನು ಊದುವಂತಿಲ್ಲ, ಧಾರೆ ಎರೆಯುವ ಅಪ್ಪ. ನನ್ನ ಜೊತೆಯವರೇ ವಾದ್ಯಕ್ಕೆ ಕೂತಿದ್ದರು. ನನ್ನದೇ ವಾದ್ಯವನ್ನು ಗೆಳೆಯನೊಬ್ಬ ಊದುತ್ತಿದ್ದ, ನಾನು ದೂರದಿಂದಲೇ ಅವನ ತಪ್ಪು ಎಣಿಸುತ್ತಿದ್ದೆ.

ಒಪ್ಪಿಸುವ ಹೊತ್ತು ಬಂತು. ವಾದ್ಯ ನಿಂತಿತು. ಹೆಂಡತಿ ಹಾಡಲು ತೊಡಗಿದಳು. ಯಾರು ಕೇಳುತ್ತಾರೆ? ಒಂದು ಕಡೆ ಕುರ್ಚಿ ಎಳೆಯುವ ಸದ್ದು, ಇನ್ನೊಂದು ಕಡೆ ಐಸ್‌ಕ್ರೀಂ ಕಪ್ಪು, ಮುಂದಿನ ಸಾಲಿನಲ್ಲೇ ಇಬ್ಬರು ಮುಂಬಯಿಯ ಹೋಟೆಲ್ ವ್ಯಾಪಾರದ ಮಾತಿಗೆ ಕೂತಿದ್ದರು. ಮೈಕ್ ಬೇರೆ ಕೀರಲು. ಅವಳು ಯಾವುದನ್ನೂ ಗಮನಿಸದೆ ಅತ್ತೆಗೆ ಒಂದು ನುಡಿ, ಮಾವನಿಗೆ ಒಂದು, ಅಳಿಯನಿಗೆ ಒಂದು ಹಾಡಿದಳು. ನನ್ನ ಮೈ ಉರಿಯುತ್ತಿತ್ತು. ಇಡೀ ಜನ್ಮದಲ್ಲಿ ನಾನು ಕೇಳಿದ ಅತಿ ಒಳ್ಳೆಯ ಉಸಿರು ಅದು, ಈ ಜನ ಐಸ್‌ಕ್ರೀಂ ನೆಕ್ಕುತ್ತಿದ್ದಾರೆ ಎಂದು ಸಿಟ್ಟು. ಮೂರನೆಯ ನುಡಿ ಮುಗಿಯಿತು. ಅವಳು ಮೈಕ್ ಕೆಳಗಿಟ್ಟು ಮಗಳ ಹೆಗಲಿಗೆ ಬಾಗಿದಳು. ಹಾಡು ಮುಗಿಯಿತು, ಈಗ ತಾಯಿ ಮಗಳು ಅಳುತ್ತಾರೆ ಎಂದುಕೊಂಡೆ. ಗೆಳೆಯನ ಕೈಯಿಂದ ಸ್ಯಾಕ್ಸೊಫೋನ್ ಕಿತ್ತುಕೊಂಡು ಅದೇ ಧಾಟಿಯನ್ನು ಮೇಲಿನ ಸ್ವರದಲ್ಲಿ ಎತ್ತಿದೆ.

ಹಾಲ್ ಗಪ್‌ಚುಪ್ ಆಯಿತು. ಮುಂಬಯಿಯವರ ಮಾತು ನಿಂತಿತು. ಎಲ್ಲರ ಕೈಗೂ ಮೊಬೈಲ್ ಬಂತು. ನಾನು ಅಷ್ಟು ಚೆನ್ನಾಗಿ ಹಿಂದೆಂದೂ ಊದಿಲ್ಲ, ಮುಂದೆ ಊದುವುದೂ ಇಲ್ಲ. ಇದನ್ನು ಜಂಬದಿಂದ ಹೇಳುತ್ತಿಲ್ಲ, ಹೇಳಲು ನಾಚಿಕೆಯಾಗುತ್ತದೆ.

ಆ ವೀಡಿಯೊ ಊರೆಲ್ಲ ಓಡಾಡಿತು. "ಮಗಳನ್ನು ಕಳಿಸಿಕೊಡುವಾಗ ಅಪ್ಪ ಊದಿದ್ದು" ಎಂದು ಬೈಂದೂರಿನ ಯಾವುದೋ ಮದುವೆಗೆ ಹೋದಾಗ ಗುರುತೇ ಇಲ್ಲದವರು ಬಂದು ಕೈ ಹಿಡಿದುಕೊಂಡರು. ಮದುವೆಯ ದಿನ ಸಂಜೆ ಹೆಂಡತಿಯ ಬಾಯಿಂದ ಒಂದು ಮಾತು ಬರಲಿ ಎಂದು ಕಾದೆ. ಅವಳು ಸೆರಗು ಬಿಚ್ಚಿ ಗಾಳಿ ಬೀಸಿಕೊಳ್ಳುತ್ತಾ, "ಉಂಡ್ರ್ಯಾ ಇಲ್ಯಾ?" ಎಂದಳು, ಅಷ್ಟೇ. ನನಗೆ ಮುನಿಸು ಬಂದು ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಎರಡು ದಿನ! ಅವಳ ಜೊತೆ ಉಳಿದಿದ್ದ ದಿನಗಳೇ ಒಂದು ವರ್ಷದಷ್ಟೂ ಇರಲಿಲ್ಲ ಎಂದು ಆಗ ಯಾರಿಗೆ ಗೊತ್ತಿತ್ತು. ಮುಂದಿನ ಮಳೆಗಾಲದಲ್ಲಿ ಜ್ವರವೆಂದು ಮಲಗಿದವಳು ಆಸ್ಪತ್ರೆಗೆ ಹೋಗಿ ಹನ್ನೊಂದನೆಯ ದಿನ ಹೋಗಿಬಿಟ್ಟಳು.

ಈ ವರ್ಷ ಮಗಳಿಗೆ ಹೆಣ್ಣು ಮಗುವಾಯಿತು. ತವರಿನಲ್ಲಿ ಆಗಬೇಕಾದ ಬಾಣಂತನ, ನಮ್ಮ ಮನೆಯಲ್ಲಿ ಮಾಡುವವರಾರು? ಬ್ರಹ್ಮಾವರದಲ್ಲೇ ಅವಳ ಅತ್ತೆ ಮಾಡಿದರು. ನಾನು ನೆಂಟನ ಹಾಗೆ ಹಣ್ಣು ಹಿಡಿದುಕೊಂಡು ಹೋಗುತ್ತಿದ್ದೆ. ಒಂದು ಮಧ್ಯಾಹ್ನ ಹೋದಾಗ ಮಗಳು ತೊಟ್ಟಿಲ ಬಳಿ ಕೂತು ಆ ಜೋಗುಳ ಹಾಡುತ್ತಿದ್ದಳು. ಉಸಿರು ಮಾತ್ರ ಅಮ್ಮನದಲ್ಲ, ನಡುನಡುವೆ ತುಂಡಾಗುತ್ತಿತ್ತು. ನಾನು ಜಗಲಿಯಲ್ಲೇ ನಿಂತು ಕಣ್ಣೊರೆಸಿಕೊಂಡು ಒಳಗೆ ಹೋದೆ.

"ಅಪ್ಪಯ್ಯ, ಒಪ್ಸು ಹಾಡೂ ಕಲ್ಸ್‌ಕೊಡಿ. ನಾಳೆ ಇದ್ಕೆ ಹಾಡುಕೆ ಬೇಕಲ್ದಾ?" ಎಂದಳು ಮಗುವನ್ನು ತೋರಿಸಿ.

ನನ್ನ ಒಡಕು ದನಿಯಲ್ಲಿ ಮೂರು ನುಡಿ ಹೇಳಿಕೊಟ್ಟೆ. ಮುಗಿದ ಮೇಲೂ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಇನ್ನೊಂದ್ ಇತ್ತಲೆ? ಅಮ್ಮ ನನ್ ಕೆಮಿ ಹತ್ರ ಬಂದ್ ಹಾಡಿತ್," ಎಂದು ಕಿವಿ ಮುಟ್ಟಿ ತೋರಿಸಿದಳು.

"ಯಾವುದು?"

"ನಂಗೆ ಸಮ ಕೇಂಡಿಲ್ಲ. ಗಲಾಟೆ ಇತ್ತ್."

ನಾಲ್ಕನೆಯದೊಂದು ನುಡಿ ಇದ್ದರೆ ಅದು ಹೆಂಡತಿಯ ತವರಿನಲ್ಲಿ ಸಿಗಬೇಕು. ಮರುದಿನವೇ ಶಿರೂರಿನ ಬಸ್ಸು ಹತ್ತಿದೆ. ಮರವಂತೆಯಲ್ಲಿ ಎಡಕ್ಕೆ ಕಡಲು ಬಂದಾಗ ಎಲ್ಲರೂ ಆ ಕಡೆ ತಿರುಗಿದರು. ನಾನು ಮಾತ್ರ ಅವಳು ತೆಂಗಿನಕಾಯಿ ತುರಿಯುತ್ತಿದ್ದದ್ದನ್ನು ನೆನೆದು, ಮೂರರ ನಂತರ ಏನಾದರೂ ಗುನುಗಿದ್ದಳೇ ಎಂದು ಹುಡುಕುತ್ತಿದ್ದೆ. ಶಿರೂರಿನಲ್ಲಿ ಅವಳ ಚಿಕ್ಕಮ್ಮ ಇದ್ದಾರೆ. ಎಂಬತ್ತರ ಹತ್ತಿರ ಬಂದರೂ ಮಾತು ಚುರುಕು. ಮೂರನ್ನೂ ನನ್ನ ಜೊತೆ ಹಾಡಿದರು. ನಾಲ್ಕನೆಯದು ಹೇಳಿ ಎಂದಾಗ ನಾನೇನೋ ಬುದ್ಧಿಗೇಡಿ ಮಾತಾಡಿದ ಹಾಗೆ ನೋಡಿದರು.

"ಅದ್ ಹೇಳುಕೆ ಆತಿಲ್ಲ ಮಗಾ. ಅದನ್ನ ತಾಯಿಯೇ ಕಟ್ಟುದ್. ಒಬ್ಬೊಬ್ಳ್ ಮಗ್ಳಿಗೂ ಬೇರೆ ಬೇರೆ. ಒಂದೇ ಸಲ, ಕೆಮಿಯಗೆ ಹಾಡುದ್. ಮತ್ಯಾರಿಗೂ ಹೇಳುಕಾಗ, ಗಂಡನಿಗೂ ಹೇಳುಕಾಗ."

ಅವರು ಮುಂದುವರಿಸಿದರು.

"ನಿಮ್ಮ ಹೆಂಡ್ತಿ ಎರಡ್ ತಿಂಗ್ಳ್ ಕಷ್ಟಪಟ್ಟಿತ್. ಕಡೇ ಸಾಲ್ ಕೂಡಿ ಬತ್ತಿಲ್ಲ ಅಂದೇಳಿ ನಂಗೆ ಫೋನ್ ಮಾಡಿತ್. ಮದಿ ಹಿಂದಿನ್ ದಿನ ಮತ್ತೆ ಫೋನ್ ಮಾಡಿ, ಚಿಕ್ಕಮ್ಮ, ಕೂಡಿ ಬಂತ್ ಅಂದೇಳಿ ನೆಗಾಡಿತ್."

ಮನೆಗೆ ಬಂದು ಮದುವೆಯ ವೀಡಿಯೊ ಹಾಕಿದೆ. ಆ ಭಾಗವನ್ನು ನಾನು ಹಿಂದೆ ನೂರು ಸಲವಾದರೂ ನೋಡಿದ್ದೇನೆ, ಆದರೆ ನೋಡಿದ್ದು ನನ್ನನ್ನು. ಈ ಸಲ ಅವಳನ್ನು ನೋಡಿದೆ. ಮಗಳ ಕಿವಿಯ ಬಳಿ ಬಾಗಿದ ಅವಳ ತುಟಿ ಅಲುಗುತ್ತಿದೆ. ಅಳುವ ತುಟಿಯಲ್ಲ, ಹಾಡುವ ತುಟಿ. ಸಾಲಿನ ಕೊನೆಗೆ ಉಸಿರು ತೆಗೆದುಕೊಳ್ಳದೆ ಮುಂದಿನ ಸಾಲಿಗೆ ದಾಟುವುದೂ ಕಾಣುತ್ತದೆ. ನಾಲ್ಕು ಸಾಲು. ಆಮೇಲೆ ನೆಟ್ಟಗೆ ನಿಂತು ನನ್ನ ಕಡೆ ತಿರುಗುತ್ತಾಳೆ. ನಾನು ಕಣ್ಣು ಮುಚ್ಚಿಕೊಂಡು ಊದುತ್ತಿದ್ದೇನೆ. ಸದ್ದು ಹೆಚ್ಚಿಸಿದೆ, ಕಡಿಮೆ ಮಾಡಿದೆ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೆ. ನೆಂಟರ ಮೊಬೈಲುಗಳಲ್ಲಿ ಇದ್ದದ್ದನ್ನೆಲ್ಲ ತರಿಸಿದೆ. ಎಲ್ಲದರಲ್ಲೂ ನಾನೇ. ಒಂದು ಅಕ್ಷರ ಕೇಳಿಸುವುದಿಲ್ಲ. ಎರಡು ತಿಂಗಳು ಕಟ್ಟಿದ ನಾಲ್ಕು ಸಾಲನ್ನು ನಾನು ಊದಿ ಹಾರಿಸಿಬಿಟ್ಟಿದ್ದೆ.

ಹೇಳದೆ ಇದ್ದುಬಿಡೋಣ ಎಂದು ಒಂದು ವಾರ ಯೋಚಿಸಿದೆ. ಯಾವುದಾದರೂ ನಾಲ್ಕು ಸಾಲು ನಾನೇ ಹೊಸೆದು, ಚಿಕ್ಕಮ್ಮ ಹೇಳಿಕೊಟ್ಟರು ಎಂದು ಹೇಳಿಬಿಟ್ಟರೆ ಎಂಬ ನೀಚ ಯೋಚನೆಯೂ ಬಂತು. ಹೊಸೆಯಲು ಕೂತೆ ಕೂಡ. ಒಂದು ಸಾಲೂ ಹುಟ್ಟಲಿಲ್ಲ. ಕೊನೆಗೆ ಬ್ರಹ್ಮಾವರಕ್ಕೆ ಹೋಗಿ ಎಲ್ಲವನ್ನೂ ಹೇಳಿದೆ. ಚಿಕ್ಕಮ್ಮ ಹೇಳಿದ್ದು, ವೀಡಿಯೊದಲ್ಲಿ ಕಂಡದ್ದು, ಗಲಾಟೆ ಎಂದು ಅವಳು ಹೇಳಿದ್ದು ಯಾವುದು ಎಂಬುದೂ. ನನಗೆ ಅಳು ತಡೆಯಲಾಗಲಿಲ್ಲ.

ಮಗಳು ಮಗುವನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತಿದ್ದಳು. ತಟ್ಟುವುದನ್ನು ನಿಲ್ಲಿಸಲಿಲ್ಲ.

"ಗೊತ್ತಿತ್ ಅಪ್ಪಯ್ಯ. ನಿಮ್ಗೆ ಬೇಜಾರ್ ಆಪುದ್ ಬ್ಯಾಡ ಅಂದೇಳಿ ಗಲಾಟೆ ಅಂದೆ."

"ಅಮ್ಮನ ಹತ್ತಿರ ಇನ್ನೊಂದು ಸಲ ಕೇಳಬಹುದಿತ್ತಲ್ಲ ಮಗಾ? ಅಷ್ಟು ತಿಂಗಳಿದ್ದಳಲ್ಲ?"

ಅವಳು ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡಳು.

"ಮದಿ ಮರುದಿನವೇ ಅಮ್ಮ ಫೋನ್ ಮಾಡಿತ್. ಹಾಡ್ ಕೇಂಡಿತಾ ಅಂದೇಳಿ ಕೇಂಡಿತ್," ಎಂದಳು. "ಕೇಂಡಿತ್ ಅಂದೆ. ಮತ್ತೆಂತ ಹೇಳುದ್? ನೀವ್ ಅಷ್ಟ್ ಚೆಂದ ಊದಿದ್ರಿ."